ಹಾಲವ್ವನ ಎಂಟು ಮಾತು

ನಮ್ಮೂರಿನ ಅಹವಾಲು ಭವನದಲ್ಲಿ ಒಂದು ವಿಷಯದ ಬಗ್ಗೆ ಯಾರೇ ಆಗಲಿ ಒಂದೇ ಸಲ ಮಾತಾಡಬಹುದು. ಮಾತಾಡಿದವರ ಗಂಟಲು ಆಮೇಲೆ ಎರಡು ದಿನ ಕಟ್ಟಿರುತ್ತದೆ. ಬಿಸಿನೀರು ಕುಡಿದುಕೊಂಡು, ಕೈಸನ್ನೆ ಮಾಡಿಕೊಂಡು ಹೇಗೋ ಇದ್ದುಬಿಡುತ್ತಾರೆ. ಅವರು ಆಡಿದ ಮಾತು ಆಡಿದ ದನಿಯ ಸಮೇತ, ಕೇಳಿಟ್ಟುಕೊಳ್ಳಲೆಂದೇ ಅಲ್ಲಿ ಕೂತ ಕೇಳುಗನ ಗಂಟಲಿಗೆ ಬಂದು ಸೇರುತ್ತದೆ, ಆ ವಿಷಯ ತೀರ್ಮಾನವಾಗುವ ತನಕ ಅಲ್ಲೇ ಇರುತ್ತದೆ. ತೀರ್ಮಾನವಾದ ದಿನ ಹೊರಟುಹೋಗುತ್ತದೆ. ಇಪ್ಪತ್ತೆರಡು ವರ್ಷ ನಾನು ಆ ಕೇಳುಗನಾಗಿದ್ದೆ.

ತಿಂಗಳ ಎರಡನೇ ಶನಿವಾರ ಬೆಳಿಗ್ಗೆ, ತೀರ್ಮಾನವಾಗದೆ ಉಳಿದ ಮಾತುಗಳನ್ನೆಲ್ಲ ಖಾಲಿ ಭವನದಲ್ಲಿ ನಿಂತು ಒಮ್ಮೆ ಒಪ್ಪಿಸಬೇಕು. ಬದುಕಿರುವವರ ಮಾತು ಹೇಗೋ ಉಳಿಯುತ್ತದೆ, ತೀರಿಹೋದವರದು ಒಪ್ಪಿಸದಿದ್ದರೆ ಒಣಗಿಹೋಗುತ್ತದೆ. ಖಾಲಿ ಭವನ ಎಂದು ಬರೆದಿರುವುದು ಕಾಗದದಲ್ಲಿ ಮಾತ್ರ. ಅವತ್ತು ಹಿಂದಿನ ಬೆಂಚುಗಳಲ್ಲಿ ಹತ್ತು ಹದಿನೈದು ಜನ ಇದ್ದೇ ಇರುತ್ತಿದ್ದರು. ಒಬ್ಬಾಕೆ ಮೊರದಲ್ಲಿ ಬೇಳೆ ಆರಿಸುತ್ತಾ ಕೂತಿರುತ್ತಿದ್ದಳು, ನೆರಳಿಗೆ ಬಂದೆ ಅನ್ನುವ ಹಾಗೆ. ಇನ್ನೊಬ್ಬ ಕಣ್ಣು ಮುಚ್ಚಿ ಗೋಡೆಗೆ ಒರಗಿರುತ್ತಿದ್ದ. ತೀರಿಹೋದ ಗಂಡನ, ಅಕ್ಕನ, ಅಪ್ಪನ ಸರದಿ ಬರುವ ತನಕ ಕಾದು, ಕೇಳಿ, ಮುಖ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಕೊಟ್ರೇಶಿ ಎಂಬವನು ಎಂಟು ಮೈಲಿ ಸೈಕಲ್ ತುಳಿದು ಬರುತ್ತಿದ್ದ. ಅವನ ಅಪ್ಪ ಅಜ್ಜಪ್ಪ ಭವನದಲ್ಲಿ ಆಡಿದ್ದು ಎರಡೇ ಪದ: "ನಂದೂ ಅದೇ." ಅದನ್ನು ಕೇಳಿ ಕೊಟ್ರೇಶಿ ತಲೆಯಾಡಿಸಿ, ಮತ್ತೆ ಎಂಟು ಮೈಲಿ ತುಳಿದುಕೊಂಡು ವಾಪಸು ಹೋಗುತ್ತಿದ್ದ. ಒಂದು ಸಲ ಮಾತ್ರ ನನ್ನ ಹತ್ತಿರ ಬಂದು, "ಅಪ್ಪ ಇನ್ನೊಂದ್ ನಾಕು ಮಾತು ಜಾಸ್ತಿ ಆಡಬಾರದಾಗಿತ್ತಾ ಗುರುಪಾದಣ್ಣ? ಊರಿಗೆಲ್ಲ ಬೈಯೋನು, ಇಲ್ಲಿ ಬಂದು ಬಾಯಿಗೆ ಬೀಗ ಹಾಕ್ಕೊಂಡ" ಎಂದು ನಕ್ಕ. ನಗು ಪೂರ್ತಿಯಾಗಲಿಲ್ಲ.

ಅಜ್ಜಪ್ಪ ಮಾತಾಡಿದ ವಿಷಯ ಹಳ್ಳದ ದಂಡೆಯ ನಿಯಮದ್ದು. ನಮ್ಮೂರ ಹಳ್ಳದ ಎರಡೂ ಕಡೆ ಇಪ್ಪತ್ತಿಪ್ಪತ್ತು ಹೆಜ್ಜೆ ನೆಲ ಬಿಟ್ಟುಬಿಡಬೇಕು, ಅಲ್ಲಿ ನೇಗಿಲು ಹೂಡಬಾರದು, ಬೆಳೆಗೆ ಔಷಧಿ ಹೊಡೆಯಬಾರದು, ಔಷಧಿ ಪಂಪನ್ನು ಹಳ್ಳದಲ್ಲಿ ತೊಳೆಯಬಾರದು ಎಂದು ಇಲಾಖೆ ನೋಟಿಸು ಹಚ್ಚಿ, ಸಾರ್ವಜನಿಕರ ಅಭಿಪ್ರಾಯ ಕೇಳಿ ಹನ್ನೊಂದು ವರ್ಷವಾಗಿತ್ತು. ಅವತ್ತು ಎಂಬತ್ನಾಲ್ಕು ಜನ ಮಾತಾಡಿದ್ದರು. ಅವರಲ್ಲಿ ಮೂವತ್ತೊಂದು ಜನ ಈಗಿಲ್ಲ. ವಿಷಯ ತೀರ್ಮಾನವಾಗದ ಕಾರಣವೂ ಅದೇ. ಅಧಿಕಾರಿಗಳು ಮೂರು ಸಲ ಬಂದಿದ್ದರು, ಮೂರು ಸಲವೂ ಕೇಳುಗನ ಗಂಟಲು ಸರಿಯಿಲ್ಲವೆಂದು ಬರೆದುಕೊಂಡು ಹೋಗಿದ್ದರು. ಗಂಟಲು ಸರಿ ಇರದ ಹಾಗೆ ಊರವರು ನೋಡಿಕೊಂಡಿದ್ದರು. ನಾನೂ ನೋಡಿಕೊಂಡಿದ್ದೆ. ಆ ಮೂವತ್ತೊಂದು ಜನರಲ್ಲಿ ನನ್ನ ಹೆಂಡತಿ ಹಾಲವ್ವನೂ ಒಬ್ಬಳು.

ನನ್ನ ತಂದೆ ಕಾವ್ಯ ಓದುವವರು. ಶ್ರಾವಣ ಬಂತೆಂದರೆ ಚಾವಡಿಯಲ್ಲಿ ಅವರು ರಾಗವಾಗಿ ಪದ್ಯ ಓದುತ್ತಿದ್ದರು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಮಾತಾಡುವ ಹುಡುಗನಲ್ಲ ನಾನು. ಆದರೆ ಒಂದು ಸಲ ಕಿವಿಗೆ ಬಿದ್ದ ಪದ್ಯ ಮಾರನೇ ದಿನ ನಾಲಿಗೆಯ ಮೇಲಿರುತ್ತಿತ್ತು. ಅದಕ್ಕೇ ಊರವರು ನನ್ನನ್ನು ಕೇಳುಗನ ಜಾಗಕ್ಕೆ ಕೂರಿಸಿದರು. "ಓದುವವನು ಕಾಣಬಾರದು, ಕಾವ್ಯ ಕಾಣಬೇಕು" ಎಂದು ತಂದೆ ಹೇಳುತ್ತಿದ್ದರು. ಭವನದಲ್ಲಿ ನಾನು ಕಾಣದ ಹಾಗೆಯೇ ಇದ್ದೆ. ಕೇಳುಗನಿಗೆ ತನ್ನದೊಂದು ಅಭಿಪ್ರಾಯ ಹೇಳುವ ಹಕ್ಕಿಲ್ಲ. ಹೇಳಿದರೆ ಆ ಕ್ಷಣಕ್ಕೆ ಆ ಜಾಗ ಹೋಯಿತು. ನನಗೆ ಅದು ಕಷ್ಟವೆನಿಸಿರಲಿಲ್ಲ.

ಕೇಳುಗನ ಮನೆಯವರ ಮಾತನ್ನು ಭವನದಲ್ಲಿ ತಿಂಗಳು ತಿಂಗಳು ಒಪ್ಪಿಸುವ ವಾಡಿಕೆಯಿಲ್ಲ. ಮನೆಯಲ್ಲೇ ಒಪ್ಪಿಸಿಕೊಂಡು, ತೀರ್ಮಾನದ ದಿನ ಎಲ್ಲರದೂ ಆದ ಮೇಲೆ ಕಟ್ಟಕಡೆಗೆ ಹೇಳಬೇಕು. ಹಾಲವ್ವ ತೀರಿಕೊಂಡು ಒಂಬತ್ತು ವರ್ಷ. ಮೂರು ದಿನದ ಜ್ವರ, ಅಷ್ಟೇ. ಹದಿನೈದನೇ ದಿನ ನೆಂಟರೆಲ್ಲ ಹೊರಟುಹೋದ ಮೇಲೆ, ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ದೇವರ ಮುಂದೆ ಕೂತು ಮೊದಲ ಸಲ ಅವಳ ಮಾತನ್ನು ಒಪ್ಪಿಸಿದೆ. ಮನೆಯೊಳಗೆ ಅವಳು ಬಂದು ನಿಂತ ಹಾಗಾಯಿತು. ಸ್ವಲ್ಪ ಒಡಕು ದನಿ ಅವಳದು, ಮಾತಿನ ತುದಿಯನ್ನು ಕೆಳಕ್ಕೆ ಒತ್ತಿ ಇಳಿಸುತ್ತಿದ್ದಳು. ತಿಂಗಳಿಗೊಮ್ಮೆ ಸಾಕು. ನಾನು ದಿನವೂ ಹೇಳಿದೆ. ಪೂಜೆಯಾದ ಮೇಲೆ ದಿನವೂ.

"ನಾನು ಹಾಲವ್ವ. ಹಳ್ಳದ ದಂಡೇಲಿ ನಮ್ಮದೂ ಹೊಲ ಐತೆ. ಇಪ್ಪತ್ತು ಹೆಜ್ಜೆ ಬಿಟ್ರೆ ನಮಗೆ ಉಳಿಯೋದು ಮೂರೇ ಹೆಜ್ಜೆ. ಆದ್ರೂ ಬಿಡ್ಲಿ ಅಂತೀನಿ. ಓಬಮ್ಮನ ಬಾತುಕೋಳಿ ಒಂಬತ್ತು ಸತ್ತವು. ಬೈಯೋಕೆ ಬಂದಿಲ್ಲ ನಾನು. ನೀರು ಯಾರ ಮನೇದೂ ಅಲ್ಲ. ಅಷ್ಟೇ ನಂದು."

ಎಂಟು ಮಾತು. ಹೇಳಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಆಮೇಲೆ ಊಟಕ್ಕೆ ಒಂದೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದೆ. ದಿನವೆಲ್ಲ ನನ್ನ ಹತ್ತಿರ ಮಾತಾಡುವವರು ಇರುತ್ತಿರಲಿಲ್ಲ, ನನಗೂ ಆಡಬೇಕೆನಿಸುತ್ತಿರಲಿಲ್ಲ. ಸಂಜೆಯ ಆ ಎಂಟು ಮಾತಿಗಾಗಿ ಇಡೀ ದಿನವನ್ನು ಹಿಂದಕ್ಕೆ ತಳ್ಳುತ್ತಿದ್ದೆ.

ಹೀಗಿರುವಾಗ ಹೊಸ ಅಧಿಕಾರಿ ಬಂದರು. ಜುಬೇದಾ ಎಂದು ಹೆಸರು. ಮೂವತ್ತು ಮೂವತ್ತೆರಡು ವಯಸ್ಸಿರಬೇಕು. ಜೀಪು ಇಳಿದವರು ಭವನಕ್ಕೆ ಹೋಗದೆ ಸೀದಾ ಹಳ್ಳಕ್ಕೆ ಹೋಗಿ, ನಾಲ್ಕು ಬಾಟಲಿಯಲ್ಲಿ ನೀರು ತುಂಬಿಕೊಂಡು, ಆಮೇಲೆ ನಮ್ಮ ಮನೆ ಕೇಳಿಕೊಂಡು ಬಂದರು. ಕೆಸರಾದ ಚಪ್ಪಲಿಯನ್ನು ಹೊರಗೆ ಬಿಟ್ಟು ಜಗುಲಿಯಲ್ಲಿ ಕೂತರು. ಮಜ್ಜಿಗೆ ಕೊಟ್ಟೆ.

"ಹನ್ನೊಂದು ವರ್ಷ ಯಾಕೆ ಹಿಡೀತು ಸರ್?"

"ಗಂಟಲು" ಎಂದೆ.

"ಮೂರು ಸಲವೂ?"

"ಮೂರು ಸಲವೂ."

ಅವರು ನನ್ನ ಮುಖವನ್ನೇ ನೋಡಿದರು. "ನಿಮ್ಮ ಮನೆಯವರದೂ ಒಂದು ಮಾತಿದೆ ಅಂತ ಫೈಲಲ್ಲಿ ನೋಡಿದೆ" ಎಂದರು. ನಾನು ಮಜ್ಜಿಗೆ ಪಾತ್ರೆಗೆ ಮುಚ್ಚಳ ಹಾಕಿದೆ. "ನನಗೂ ಅರ್ಥ ಆಗುತ್ತೆ ಸರ್. ಆದರೆ ಆ ನೀರಿನ ಬಣ್ಣ ನೋಡಿದ್ದೀರಾ? ಹತ್ತೊಂಬತ್ತನೇ ತಾರೀಕು ಬರ್ತೀನಿ. ಅವತ್ತು ಎಲ್ಲರ ಮಾತೂ ಒಪ್ಪಿಸಿ. ದಯವಿಟ್ಟು ಗಂಟಲು ಕಾಪಾಡಿಕೊಳ್ಳಿ." ಮಜ್ಜಿಗೆ ಪೂರ್ತಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಹದಿನೆಂಟನೇ ತಾರೀಕು ಮಧ್ಯಾಹ್ನ, ವಾಡಿಕೆಯಂತೆ, ಊರವರು ಐಸ್‌ಕ್ಯಾಂಡಿ ಡಬ್ಬಿ ಹೊತ್ತುಕೊಂಡು ಬಂದರು. ಕೊಟ್ರೇಶಿಯೇ ಮುಂದೆ. ಡಬ್ಬಿಯನ್ನು ಜಗುಲಿಯ ಮೇಲಿಟ್ಟು ಮುಚ್ಚಳ ತೆಗೆದ.

"ತಗೋ ಗುರುಪಾದಣ್ಣ. ಕಿತ್ತಳೇದು ಐತೆ, ಹಾಲಿಂದು ಐತೆ. ಹೋದ ಸಲ ಹಾಲಿಂದು ತಿಂದಿದ್ದಕ್ಕೆ ಚೆನ್ನಾಗಿ ಕಟ್ಟಿತ್ತು ನೋಡು."

"ಈ ಸಲ ಬೇಡ್ವೇನೋ ಕೊಟ್ರೇಶಿ."

"ಬೇಡ ಅಂದ್ರೆ? ಆ ಮೇಡಂ ಬಾಟ್ಲಿ ಹಿಡ್ಕೊಂಡು ಓಡಾಡಿದ ಮಾತ್ರಕ್ಕೆ ಹೆದರ್ಕೊಂಡ್ಯಾ? ಇನ್ನೊಂದ್ ಎರಡು ವರ್ಷ ತಳ್ಳಣ್ಣ. ನನ್ನ ಮಗಳ ಮದುವೆ ಆಗ್ಲಿ, ಅವಳ ಗಂಡನಿಗೆ ಒಂದ್ಸಲ ನಮ್ಮಪ್ಪನ ದನಿ ಕೇಳಿಸಬೇಕು."

"ಎರಡು ಪದ ಕೇಳಿಸೋಕೆ ಬೀಗರನ್ನ ಕರ್ಕೊಂಡು ಬರ್ತೀಯಾ?" ಎಂದು ಹಿಂದಿನಿಂದ ಯಾರೋ ಅಂದರು.

"ಎರಡಾದ್ರೂ ಐತಲ್ಲ ನನಗೆ. ನಿಮ್ಮಪ್ಪ ಅವತ್ತು ಭವನಕ್ಕೇ ಬರಲಿಲ್ಲ, ಇಸ್ಪೀಟಾಡ್ತಿದ್ದ" ಎಂದ ಕೊಟ್ರೇಶಿ. ಎಲ್ಲರೂ ನಕ್ಕರು. ನಾನು ಒಂದು ಕ್ಯಾಂಡಿ ತೆಗೆದುಕೊಂಡೆ. ಅವರ ಒತ್ತಾಯಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಡ್ಡಿ ಬಿಟ್ಟು ಉಳಿದದ್ದನ್ನೆಲ್ಲ ತಿಂದೆ. ಇನ್ನೊಂದನ್ನೂ ತಿಂದೆ.

ಅವರು ಹೋದ ಮೇಲೆ ಓಬಮ್ಮ ಬಂದಳು. ಹಳ್ಳದ ಕೆಳಗಿನ ತಿರುವಿನಲ್ಲಿ ಅವಳದು ಸೊಪ್ಪಿನ ತೋಟ. ದಂಟು, ಕೊತ್ತಂಬರಿ, ಮೆಂತ್ಯ ಬೆಳೆದು ಬುಟ್ಟಿಯಲ್ಲಿ ಹೊತ್ತು ಮಾರುತ್ತಾಳೆ. ಹಳ್ಳದ ನೀರು ಹಾಕಿದರೆ ಸೊಪ್ಪಿನ ಅಂಚು ಕಪ್ಪಗಾಗುತ್ತದೆಂದು ಎಷ್ಟೋ ವರ್ಷದಿಂದ ಊರಾಚೆಯ ಬೋರ್‌ವೆಲ್ಲಿನಿಂದ ಕೊಡದಲ್ಲಿ ಹೊತ್ತು ತಂದು ಹಾಕುತ್ತಿದ್ದಳು. ಮಂಡಿ ಎರಡೂ ಹೋಗಿದ್ದವು. ಹಾಲವ್ವನಿಗೆ ಬಲು ಹತ್ತಿರದವಳು. ಹಾಲವ್ವ ಹೋದ ಮೇಲೂ ವಾರಕ್ಕೊಂದು ಕಟ್ಟು ಸೊಪ್ಪನ್ನು ನಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದಳು. ಕೂತು ಮಾತಾಡಿದ್ದು ಕಡಿಮೆ. ಅವತ್ತು ಸೆರಗಿನಲ್ಲಿ ಒಂದು ತಂಬಿಗೆ ಮುಚ್ಚಿ ತಂದಿದ್ದಳು.

"ಅವರು ಐಸ್ ತಂದ್ರು, ನಾನು ಕಷಾಯ ತಂದೆ. ಮೆಣಸು, ಶುಂಠಿ, ಬೆಲ್ಲ. ಯಾವುದು ಗೆಲ್ತದೋ ನೋಡಾನ" ಎಂದಳು.

"ಎರಡು ಕ್ಯಾಂಡಿ ತಿಂದೆ ಓಬಮ್ಮ."

"ತಿಂತೀಯ ಅಂತ ಗೊತ್ತು, ಅದಕ್ಕೇ ಮೆಣಸು ಜಾಸ್ತಿ ಹಾಕೀನಿ." ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. "ಬಾತುಕೋಳಿ ಸಾಕೋದು ಬಿಟ್ಟು ಹನ್ನೊಂದು ವರ್ಷ ಆತಣ್ಣ. ಈ ಸಲ ಆರು ಮರಿ ಹೇಳಿಟ್ಟೀನಿ. ತರಬೇಕೋ ಬ್ಯಾಡೋ, ನೀನು ಹೇಳು."

ನಾನು ತಂಬಿಗೆ ಎತ್ತಿ ಕುಡಿದೆ. ಕಣ್ಣಲ್ಲಿ ನೀರು ಬಂತು.

"ಖಾರ" ಎಂದೆ.

"ಖಾರವೇ" ಎಂದಳು ಓಬಮ್ಮ. ಗೋಡೆ ಹಿಡಿದುಕೊಂಡು ಎದ್ದು ಹೋದಳು.

ಆ ಸಂಜೆ ಹಾಲವ್ವನ ಮಾತನ್ನು ಮೂರು ಸಲ ಹೇಳಿದೆ. ಮೂರನೇ ಸಲ ಹೇಳುವಾಗ, ಅದು ಎಷ್ಟು ನಯವಾಗಿ ಹರಿಯುತ್ತಿದೆ ಎನ್ನಿಸಿತು. ಸಾವಿರಾರು ಸಲ ಹೇಳಿದ ಪದ್ಯದ ಹಾಗೆ ಒಂದು ಮಾತು ಇನ್ನೊಂದಕ್ಕೆ ಕೈಕೊಟ್ಟು ಇಳಿಸಿಕೊಳ್ಳುತ್ತಿತ್ತು. ಅದರಲ್ಲಿ ಏನೋ ಸಮಾಧಾನವಿತ್ತು, ಏನೋ ಅಳುಕೂ ಇತ್ತು. ಅಳುಕು ಯಾಕೆಂದು ನಾನು ಹುಡುಕಲಿಲ್ಲ. ಬೆಳಿಗ್ಗೆ ಎದ್ದು ಗಂಟಲು ನೋಡಿಕೊಂಡೆ. ಕಟ್ಟಿರಲಿಲ್ಲ. ದೇವರು ಯಾರ ಪಕ್ಷವೋ ತಿಳಿಯದೆ ಸುಮ್ಮನೆ ಕೈಮುಗಿದೆ.

ಭವನ ತುಂಬಿತ್ತು. ಕಿಟಕಿಯ ಸರಳು ಹಿಡಿದುಕೊಂಡು ಹೊರಗೂ ಜನ ನಿಂತಿದ್ದರು. ಜುಬೇದಾ ಮೇಡಂ ಮೇಜಿನ ಹಿಂದೆ ಕೂತು, ಮುಂದಿನ ಬೆಂಚಿನವರಿಗೆ ನಿಯಮವನ್ನು ಇನ್ನೊಮ್ಮೆ ಓದಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಾನು ಶುರು ಮಾಡಿದೆ. ಬದುಕಿರುವವರ ಮಾತು ಬಂದಾಗ ಅವರು ನಾಚಿಕೊಳ್ಳುತ್ತಿದ್ದರು. "ಅಯ್ಯೋ, ನನ್ನ ದನಿ ಇಷ್ಟು ಕೀರಲಾ?" ಎಂದು ಓಬಮ್ಮ ಪ್ರತಿ ಸಲದ ಹಾಗೆ ಈ ಸಲವೂ ಅಂದಳು. ತೀರಿಹೋದವರ ಮಾತು ಬಂದಾಗ ಯಾರೂ ಅಲ್ಲಾಡುತ್ತಿರಲಿಲ್ಲ. ಚೌಡಪ್ಪ ಎಂಬ ಮುದುಕ ಹನ್ನೊಂದು ವರ್ಷದ ಹಿಂದೆ ಮಾತಿನ ಮಧ್ಯೆ ಐದು ಸಲ ಕೆಮ್ಮಿದ್ದ. ಆ ಐದು ಕೆಮ್ಮನ್ನೂ ಒಪ್ಪಿಸಿದೆ. ಅವನ ಸೊಸೆ ಬಾಯಿಗೆ ಸೆರಗು ಒತ್ತಿ ಹಿಡಿದಳು, ಅಳುವಿಗೋ ನಗುವಿಗೋ ತಿಳಿಯಲಿಲ್ಲ. "ನಂದೂ ಅದೇ" ಎಂದಾಗ ಕೊಟ್ರೇಶಿ ಎದ್ದು ನಿಂತಿದ್ದ. ಬಿಡಲಿ ಎಂದವರು, ಬೇಡ ಎಂದವರು, ಹತ್ತು ಹೆಜ್ಜೆ ಸಾಕು ಎಂದವರು, ಬಿಟ್ಟರೆ ನಮ್ಮ ಬದನೆ ಮಡಿ ಎಲ್ಲಿಗೆ ಹೋಗಬೇಕು ಎಂದವರು. ಎಂಬತ್ಮೂರು ದನಿ ಮುಗಿಯುವ ಹೊತ್ತಿಗೆ ಬಿಸಿಲು ಮೇಜಿನ ಕಾಲಿಗೆ ಬಂದಿತ್ತು.

ಒಂದು ಗುಟುಕು ನೀರು ಕುಡಿದು ಹಾಲವ್ವನ ಮಾತನ್ನು ಹೇಳಿದೆ. ಒಂಬತ್ತು ವರ್ಷ ಮನೆಯೊಳಗೇ ಇದ್ದ ದನಿ ಭವನದಲ್ಲಿ ಕೇಳಿಸಿದಾಗ ಹೆಂಗಸರ ಕಡೆಯಿಂದ ಒಂದು ಉಸಿರು ಎದ್ದಿತು. ಎಂಟು ಮಾತೂ ಆಯಿತು. "ಅಷ್ಟೇ ನಂದು" ಎಂದು ನಿಂತೆ.

ಮೇಡಂ ಪೆನ್ನಿನ ತುದಿಯನ್ನು ಮೇಜಿಗೆ ಒತ್ತಿ ಹಿಡಿದಿದ್ದರು. "ಒಂದು ನಿಮಿಷ" ಎಂದರು. "ಬೈಯೋಕೆ ಬಂದಿಲ್ಲ ಅಂತಾರಲ್ಲ ಇವರು, ಯಾರನ್ನ ಬೈಯೋಕೆ? ಅದಕ್ಕೆ ಮುಂಚೆ ಬಾತುಕೋಳಿ ಸತ್ತದ್ದು ಮಾತ್ರ ಇದೆ. ಯಾರ ಹೆಸರೂ ಇಲ್ಲ."

ಹೆಂಗಸರ ಸಾಲಿನಲ್ಲಿ ಓಬಮ್ಮ ಬೆಂಚು ಹಿಡಿದುಕೊಂಡು ನಿಧಾನಕ್ಕೆ ಎದ್ದಳು.

"ಅವಳು ಆಡಿದ್ದು ಒಂಬತ್ತು ಮಾತು. ಒಂದು ಬಿಟ್ಟೈತೆ."

"ಯಾವುದಮ್ಮ?"

"ನಾನ್ಯಾಕೆ ಹೇಳ್ಲಿ? ಬಿಟ್ಟೋರೇ ಹೇಳ್ಲಿ."

ಮೇಡಂ ನನ್ನನ್ನು ನೋಡಿದರು. ಆಮೇಲೆ ನಿಯಮದ ಪುಸ್ತಕವನ್ನು ತೆರೆದು, ಹಾಳೆ ತಿರುವಿ, ಜೋರಾಗಿ ಓದಿದರು. ಒಂದು ಮಾತು ಕಡಿಮೆಯಾದರೂ ಅಹವಾಲು ಪೂರ್ಣವಲ್ಲ. ಪೂರ್ಣವಲ್ಲದ ಅಹವಾಲಿದ್ದರೆ ವಿಷಯವನ್ನು ಹಿಂದಕ್ಕೆ ಕಳಿಸಬೇಕು, ಹೊಸ ನೋಟಿಸು, ಹೊಸ ಸಭೆ. ಅಲ್ಲಿಯ ತನಕ ಹಳೆಯ ದನಿಗಳು ಕೇಳುಗನಲ್ಲೇ ಇರತಕ್ಕದ್ದು. "ಹಾಗಾದರೆ ಇನ್ನೂ ಎಂಟು ಹತ್ತು ವರ್ಷ ಆಗಬಹುದು" ಎಂದು ಅವರು ತಮ್ಮಷ್ಟಕ್ಕೆ ಹೇಳಿಕೊಂಡರು. ಹಿಂದಿನ ಬೆಂಚುಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊಟ್ರೇಶಿಯ ಮುಖ ಅರಳಿತು. ನನಗೆ ಹೆಬ್ಬೆರಳು ಎತ್ತಿ ತೋರಿಸಿದ, ನಾನು ಬೇಕೆಂದೇ ಮಾಡಿದೆ ಎಂದುಕೊಂಡು.

"ಇನ್ನೊಂದು ಸಾಲಿದೆ" ಎಂದು ಮೇಡಂ ಮುಂದುವರಿಸಿದರು. "ಬಿಟ್ಟುಹೋದ ಮಾತು ಯಾರ ಬಗ್ಗೆಯೋ ಅವರೇ ಬಂದು, ತಮ್ಮ ಬಾಯಲ್ಲಿ ಅದನ್ನ ಹೇಳಿ ಒಪ್ಪಿಕೊಂಡರೆ ಅಹವಾಲು ಪೂರ್ಣ ಅಂತ ತಿಳಿಯತಕ್ಕದ್ದು. ಅಂಥವರು ಯಾರಾದರೂ ಇದ್ದಾರಾ?"

ಜನ ಅತ್ತಿತ್ತ ತಿರುಗಿ ನೋಡಿದರು. ಹನ್ನೊಂದು ವರ್ಷದ ಹಿಂದೆ ಎಂಬತ್ನಾಲ್ಕರಲ್ಲಿ ಒಬ್ಬಳು ಆಡಿದ ಒಂದು ಮಾತು ಯಾರಿಗೆ ನೆನಪಿರುತ್ತದೆ? ಓಬಮ್ಮನಿಗೆ ಇತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಆ ಮಾತನ್ನು ಮರೆತಿದ್ದೆ ಎಂದರೆ ಪೂರ್ತಿ ನಿಜವಲ್ಲ. ಹದಿನೈದನೇ ದಿನದ ಆ ಸಂಜೆ, ದೇವರ ಮುಂದೆ ಕೂತಾಗ, ಆರನೆಯ ಮಾತು ಗಂಟಲಿಗೆ ಬಂದಿತ್ತು. ಅವಳು ಬಂದು ನಿಂತ ಮೊದಲ ದಿನವೇ ಅದನ್ನು ಅವಳ ಬಾಯಿಂದ ಕೇಳಬೇಕೇ ಎನಿಸಿ ಅದೊಂದನ್ನು ಹಾರಿಸಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಾರನೇ ದಿನವೂ ಹಾರಿಸಿದೆ. ಎಷ್ಟನೇ ದಿನಕ್ಕೆ ಹಾರಿಸುವುದು ತಪ್ಪಿ, ಮಾತೇ ಎಂಟಾಯಿತೋ ತಿಳಿಯದು. ಈಗ ಅದನ್ನು ಅವಳ ದನಿಯಲ್ಲಿ ಹುಡುಕಿದೆ. ಇರಲಿಲ್ಲ. ಒಣಗಿಹೋಗಿತ್ತು. ಒಂಬತ್ತು ವರ್ಷ ದೇವರ ಮುಂದೆ ನನಗೆ ಬೇಕಾದ ಹಾಲವ್ವನನ್ನು ಓದುತ್ತಾ ಬಂದಿದ್ದೆ.

ಸುಮ್ಮನಿದ್ದರೆ ಉಳಿದ ಎಂಟು ನನ್ನ ಹತ್ತಿರವೇ ಇರುತ್ತವೆ. ಸಂಜೆ ದೀಪ ಹಚ್ಚಿದರೆ ಅವಳಿರುತ್ತಾಳೆ. ಹೊಲವೂ ಇರುತ್ತದೆ. ಇದನ್ನೆಲ್ಲ ನಾನು ಲೆಕ್ಕ ಹಾಕಿದೆ, ಹಾಕಲಿಲ್ಲ ಎನ್ನಲಾರೆ. ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಓಬಮ್ಮ ಕೂರಲು ಹೋದಳು, ಮಂಡಿ ಹಿಡಿದುಕೊಂಡಿತು, ಪಕ್ಕದವಳ ಭುಜದ ಮೇಲೆ ಕೈಯಿಟ್ಟು ಹಾಗೇ ನಿಂತಳು.

"ನಾನು ಗುರುಪಾದಪ್ಪ" ಎಂದೆ.

ನನ್ನ ದನಿ ಭವನದಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ತೀರ ಸಣ್ಣದಾಗಿತ್ತು. ಹಿಂದಿನಿಂದ ಯಾರೋ "ಜೋರಾಗಿ ಹೇಳಣ್ಣ" ಎಂದರು.

"ಓಬಮ್ಮನ ಬಾತುಕೋಳಿ ಸತ್ತ ದಿನ ಹಳ್ಳದಲ್ಲಿ ಔಷಧಿ ಪಂಪು ತೊಳೆದೋನು ನಾನು. ಹಾಲವ್ವ ಇದೇ ಜಾಗದಲ್ಲಿ ನಿಂತು 'ಅವತ್ತು ಪಂಪು ತೊಳೆದೋರು ನಮ್ಮ ಮನೆಯೋರೇ' ಅಂತ ಹೇಳಿದ್ಲು. ನಾನು ಕೇಳಿಸ್ಕೊಂಡೆ. ಇಟ್ಕೊಳ್ಳಲಿಲ್ಲ. ಮನೆಗೆ ಹೋದ ಮೇಲೆ ಅವಳೂ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೂ ತೊಳೆದೆ. ಹುಣಸೇಮರದ ತಿರುವಿನ ಆಚೆ, ಅವಳಿಗೆ ಕಾಣದ ಕಡೆ."

ಮೇಡಂ ಕ್ಯಾಪು ತೆಗೆದು, ನಾನು ಹೇಳಿದ್ದನ್ನು ಕಾಗದದಲ್ಲಿ ಬರೆದುಕೊಂಡರು. ಕೇಳುಗನೇ ಮಾತಾಡಿದರೆ ಕೇಳುವವರು ಯಾರು? ಅದಕ್ಕೆ ಕಾಗದ. ಬರೆದು ಮುಗಿಸಿ, ನಾನು ಸಹಿ ಹಾಕಿದ ಮೇಲೆ, ಎದ್ದು ನಿಂತು ತೀರ್ಮಾನ ಓದಿದರು. ಎರಡೂ ದಂಡೆಯಲ್ಲಿ ಇಪ್ಪತ್ತು ಹೆಜ್ಜೆ, ಇವತ್ತಿನಿಂದಲೇ. ಅವರ ಮಾತು ಮುಗಿಯುವ ಮುನ್ನವೇ ದನಿಗಳೆಲ್ಲ ಹೊರಟುಹೋದದ್ದು ನನಗೆ ಗೊತ್ತಾಯಿತು. ನೋವೇನೂ ಆಗಲಿಲ್ಲ. ಹೊತ್ತುಕೊಂಡಿದ್ದನ್ನು ಇಳಿಸಿದ ಮೇಲೂ ಭುಜ ಬಾಗಿಯೇ ಇರುತ್ತದಲ್ಲ, ಹಾಗೆ ಕತ್ತು ಬಗ್ಗಿಸಿಕೊಂಡು ನಿಂತಿದ್ದೆ. ಬೆಂಚುಗಳಿಂದ ಜನ ಎದ್ದರು. ಒಬ್ಬೊಬ್ಬರಾಗಿ ಹೊರಗೆ ಹೋದರು.

ಕೊಟ್ರೇಶಿ ಬಾಗಿಲಲ್ಲಿ ನನಗಾಗಿ ಕಾದಿದ್ದ. ಸೈಕಲ್ಲಿನ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

"ಹೋಯ್ತಾ?"

"ಹೋಯ್ತು" ಎಂದೆ. ಗಂಟಲು ಆಗಲೇ ಕಟ್ಟತೊಡಗಿತ್ತು.

"ನಿನ್ನ ಪಂಪು ತೊಳೆಯೋಕೆ ಮನೇಲಿ ಬಚ್ಚಲು ಇರಲಿಲ್ವೇನಣ್ಣ?" ಎಂದ. ಬೈಗುಳದ ಹಾಗೆ ಶುರುವಾದ ಮಾತು ಕೊನೆಗೆ ಬೇರೆಯೇ ಏನೋ ಆಯಿತು. ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಹೋದ, ಎಂಟು ಮೈಲಿಯ ದಾರಿಯಲ್ಲಿ.

ಆ ಸಂಜೆಯೂ ದೀಪ ಹಚ್ಚಿದೆ. ಅಭ್ಯಾಸದಿಂದ ಬಾಯಿ ತೆರೆದೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡು ದಿನ ಕಳೆದು ನನ್ನ ದನಿ ಮರಳಿದ ಮೇಲೆ ಮತ್ತೆ ಹೇಳಿ ನೋಡಿದೆ. ಈಗ ಒಂಬತ್ತೂ ಬಾಯಿಪಾಠವಾಗಿದ್ದವು. ಯಾರೋ ಬರೆದಿಟ್ಟದ್ದನ್ನು ಓದಿದ ಹಾಗಿತ್ತು. ಅವಳ ಒಡಕು ಹೇಗಿತ್ತೆಂದು ನೆನೆಸಿಕೊಳ್ಳಲು ಹೋದರೆ ಒಡಕು ಎನ್ನುವ ಪದ ಮಾತ್ರ ಸಿಗುತ್ತಿತ್ತು. ಅರ್ಧಕ್ಕೆ ನಿಲ್ಲಿಸಿ ಮಂಗಳಾರತಿ ಮಾಡಿ ಎದ್ದೆ. ಊರಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಇದ್ದಿರಬೇಕು. ಮುಂದಿನ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಭವನದ ಮುಂದೆ ಹಾದು ಹೋಗುವಾಗ ನೋಡಿದೆ, ಬೇಳೆ ಆರಿಸುವಾಕೆ ಬೀಗ ಹಾಕಿದ ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಮಾರನೇ ವಾರ ಹೊಲ ಅಳೆಯಲು ಹೋದೆ. ಜುಬೇದಾ ಮೇಡಂ ಕಡೆಯವರು ಬಂದು ಅಳೆಯುತ್ತೇವೆ ಎಂದಿದ್ದರು. ಅದಕ್ಕೆ ಮುಂಚೆ ನಾನೇ ಅಳೆಯಬೇಕೆನಿಸಿತು. ನೀರಿನ ಅಂಚಿನಿಂದ ಹೆಜ್ಜೆ ಹಾಕುತ್ತಾ ಬಂದೆ. ಬದನೆ, ಮೆಣಸಿನಗಿಡ, ಟೊಮೆಟೊ ಎಲ್ಲ ದಾಟಿ ಇಪ್ಪತ್ತಕ್ಕೆ ನಿಂತರೆ ಬೇಲಿ ಮುಂದೆಯೇ ಇತ್ತು. ಹಾಲವ್ವ ಸರಿಯಾಗಿಯೇ ಹೇಳಿದ್ದಳು, ಉಳಿದದ್ದು ಮೂರೇ ಹೆಜ್ಜೆ. ಅವಳು ಯಾವತ್ತು ಬಂದು ಅಳೆದಿದ್ದಳೋ, ಒಬ್ಬಳೇ, ನನಗೆ ಹೇಳದೆ.

ಗೂಟ ಹೊಡೆಯುತ್ತಿದ್ದಾಗ ಓಬಮ್ಮ ಬಂದಳು. ತಲೆಯ ಮೇಲೆ ಕೊಡವಿತ್ತು. ಇಳಿಸಿ, ಬದುವಿನ ಮೇಲೆ ಕೂತು ಉಸಿರು ಸುಧಾರಿಸಿಕೊಂಡಳು.

"ಮೂರು ಹೆಜ್ಜೇಲಿ ಏನು ಬೆಳೀತೀಯ?"

"ಗೊತ್ತಿಲ್ಲ. ಸೊಪ್ಪು ಹಾಕ್ಲಾ?"

"ಹಾಕು. ಒಬ್ಬನಿಗೆ ಸಾಕು. ನಾನು ಇನ್ನು ನಿನ್ನ ಬಾಗಿಲಿಗೆ ಹೊತ್ಕೊಂಡು ಬರೋದು ತಪ್ತದೆ" ಎಂದಳು. ನಾನು ಗೂಟ ಬಿಟ್ಟು ತಲೆಯೆತ್ತಿದೆ. ಅವಳು ಕೊಡದ ನೀರನ್ನು ಕೈಯಲ್ಲಿ ತೆಗೆದು ಮುಖಕ್ಕೆ ಹಾಕಿಕೊಂಡಳು. "ಬರ್ತೀನಿ ಬಿಡು. ತಮಾಷೆಗಂದೆ."

"ಹನ್ನೊಂದು ವರ್ಷ ಒಂದು ಮಾತೂ ಕೇಳಲಿಲ್ಲವಲ್ಲ ಓಬಮ್ಮ ನೀನು?"

"ಅವಳೇ ಎಲ್ಲರ ಮುಂದೆ ಹೇಳಿದ್ಲಲ್ಲ. ನಾನು ಇನ್ನೇನು ಕೇಳ್ಲಿ?" ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೂ ಅವಳ ದನಿ ನೆನಪಾಗ್ತಿಲ್ಲ ಅಣ್ಣ. ರಾತ್ರಿಯೆಲ್ಲ ನೆನೆಸ್ಕೊಂಡೆ. ಮನೇಲಿ ಏನಂತಿದ್ಲು ಅವಳು? ಭವನದ್ದು ಬಿಡು. ಬ್ಯಾರೆ ಏನಾರ ಹೇಳು."

ನಾನು ಕೊಡತಿ ಹಿಡಿದುಕೊಂಡು ನಿಂತೆ. ಇಪ್ಪತ್ತಾರು ವರ್ಷ ಅವಳ ಜೊತೆ ಬಾಳಿದ್ದೆ. ದಿನಕ್ಕೆ ನೂರು ಮಾತೆಂದರೂ ಎಷ್ಟಾಗುತ್ತದೆ? ಒಂದೂ ಬರಲಿಲ್ಲ. ಒಂಬತ್ತು ವರ್ಷ ಎಂಟು ಮಾತನ್ನು ಕಾಪಾಡುವ ಭರದಲ್ಲಿ ಉಳಿದದ್ದನ್ನೆಲ್ಲ ಎಲ್ಲಿ ಬಿಟ್ಟುಬಂದೆನೋ. ಓಬಮ್ಮ ಅವಸರ ಮಾಡಲಿಲ್ಲ. ಹಳ್ಳದ ಆಚೆ ದಡದಲ್ಲಿ ಯಾರೋ ಎತ್ತಿಗೆ ಹೋ ಎಂದು ಕೂಗಿದರು. ಎತ್ತು ನಿಂತಿತು.

"ಹೊಸ್ತಿಲ ಮೇಲೆ ನಿಲ್ಲಬ್ಯಾಡಿ" ಎಂದೆ. ನನ್ನದೇ ಸಣ್ಣ ದನಿ, ನನ್ನದೇ ಬಾಯಿ. "ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ. ಕಸ ಗುಡಿಸಬೇಕು ನಾನು."

ಓಬಮ್ಮ ತೊಡೆ ತಟ್ಟಿಕೊಂಡು ನಕ್ಕಳು. "ಹಂಗೇ! ಹಂಗೇ ಅಂತಿದ್ಲು. ಪೊರಕೆ ಹಿಡ್ಕೊಂಡು ನನಗೂ ಅಂದವಳೇ."

ನಾನೂ ನಗಲು ನೋಡಿದೆ. ಆಮೇಲೆ ಬಗ್ಗಿ, ಇಪ್ಪತ್ತನೇ ಹೆಜ್ಜೆಯ ಗೂಟಕ್ಕೆ ಇನ್ನೆರಡು ಪೆಟ್ಟು ಕೊಟ್ಟೆ.